ಹಳೆಯ ಬೈಕು ಮತ್ತು ಹಳ್ಳದ ನೀರು

ಪರಿಸರದ ಪತ್ರಿಕೆಯಲ್ಲಿ ಬೈಕಿನ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಕಾಡು, ನದಿ, ಗಣಿ, ಅಣೆಕಟ್ಟುಗಳ ಬಗ್ಗೆ ಬರೆಯಬೇಕಾದ ಜಾಗದಲ್ಲಿ ಚೈನು, ಬ್ರೇಕುಗಳ ಪ್ರಸ್ತಾಪ ಅಪ್ರಸ್ತುತವೆನಿಸಬಹುದು. ಆದರೆ ನಮ್ಮ ಸಭೆಗಳಿಗೆ ಬರುವವರು ಹೇಗೆ ಬರುತ್ತಾರೆಂಬುದನ್ನು ಒಮ್ಮೆ ಗಮನಿಸಿ. ಶಾಲೆಯ ಒಳಗೆ ನದಿಯ ಉಳಿವಿನ ಚರ್ಚೆ ನಡೆಯುತ್ತಿದ್ದರೆ, ಹೊರಗೆ ಅಂಗಳದಲ್ಲಿ ಸಾಲಾಗಿ ನಿಂತಿರುವುದು ಬೈಕುಗಳೇ. ಅವುಗಳಲ್ಲಿ ಹೆಚ್ಚಿನವು ಯಾರದೋ ಕೈಯಿಂದ ನಮ್ಮ ಕೈಗೆ ಬಂದ ಹಳೆಯ ಗಾಡಿಗಳು. ಅವು ನಮ್ಮ ಬದುಕಿನ ಭಾಗವಾಗಿರುವಾಗ ನಮ್ಮ ಚಿಂತನೆಯ ಭಾಗವಾಗದೇ ಉಳಿದಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಬೈಕು ಕೊಂಡವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಘಟ್ಟದ ಊರುಗಳಲ್ಲಿ ಬಸ್ಸೆಂಬುದು ದಿನಕ್ಕೆರಡು ಬಾರಿ ದರ್ಶನ ಕೊಡುವ ದೇವರಂತೆ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯಿರಿ. ಮುಚ್ಚಿಹೋದ ಖಾಸಗಿ ಸಂಸ್ಥೆಯ ಕಾರ್ಮಿಕರೇ ಒಟ್ಟಾಗಿ 1991ರಲ್ಲಿ ಕಟ್ಟಿ ಬೆಳೆಸಿದ, ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದ ಆ ಸಂಸ್ಥೆ 2020ರಲ್ಲಿ ಸಂಚಾರ ನಿಲ್ಲಿಸಿತು. ಬಸ್ಸು ನಿಂತ ಊರಿನಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗೂ, ಡೈರಿಗೆ ಹಾಲು ಒಯ್ಯುವ ರೈತನಿಗೂ, ಅಂಗನವಾಡಿಗೆ ಹೋಗುವ ಶಿಕ್ಷಕಿಗೂ ಉಳಿಯುವ ದಾರಿ ಒಂದೇ. ಬಸ್ಸಿಗಾಗಿ ಹೋರಾಡುವುದು ನಮ್ಮ ಕರ್ತವ್ಯ. ಅದು ಬರುವವರೆಗೆ ಬೈಕನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದೂ ನಮ್ಮದೇ ಜವಾಬ್ದಾರಿ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಮನೆಯಲ್ಲೇ ಪೆಟ್ಟು ತಿಂದು ಕಲಿತದ್ದು.

ಒಂದೇ ಗಾಡಿ, ಎರಡು ಅನಾಹುತ

ನನ್ನ ಸೋದರಳಿಯ ಪದವಿ ತರಗತಿಯ ವಿದ್ಯಾರ್ಥಿ. ಅಡಿಕೆ ಕೊಯ್ಲಿನಲ್ಲಿ ದುಡಿದ ಕೂಲಿಗೆ ಅಪ್ಪ ಕೊಟ್ಟಷ್ಟು ಸೇರಿಸಿ, ಪೇಟೆಯ ವ್ಯಾಪಾರಿಯೊಬ್ಬರಿಂದ ನೂರು ಸಿಸಿಯ ಹಳೆಯ ಬೈಕೊಂದನ್ನು ಕೊಂಡುತಂದ. ಟ್ಯಾಂಕಿಗೆ ಹೊಸ ಬಣ್ಣ, ಸೀಟಿಗೆ ಹೊಸ ಕವರು, ಟೈರಿಗೂ ಕಪ್ಪು ಪಾಲಿಶು. ಮನೆಮಂದಿಯೆಲ್ಲ ಆರತಿ ಎತ್ತಿ ನಿಂಬೆಹಣ್ಣು ಇಟ್ಟೆವೇ ಹೊರತು ಒಬ್ಬರೂ ಬಗ್ಗಿ ಬ್ರೇಕು ನೋಡಲಿಲ್ಲ. ಎರಡು ವಾರ ಕಳೆದಿರಲಿಲ್ಲ. ಜೂನ್ ತಿಂಗಳ ಮಳೆಯಲ್ಲಿ ತಂಗಿಯನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಹಿಂದಿನ ಬ್ರೇಕು ಹಿಡಿಯಲೇ ಇಲ್ಲ. ಮುಂದಿನದನ್ನು ಗಾಬರಿಯಿಂದ ಒತ್ತಿದಾಗ ಚಕ್ರ ಜಾರಿತು. ಅವನ ಮುಂಗೈ ಮುರಿಯಿತು. ಹುಡುಗಿ ಚರಂಡಿಯ ಹುಲ್ಲಿನ ಮೇಲೆ ಬಿದ್ದದ್ದರಿಂದ ತರಚುಗಾಯದಲ್ಲಿ ಮುಗಿಯಿತು. ಆ ಚರಂಡಿಯಾಚೆ ಇದ್ದದ್ದು ಮೂವತ್ತು ಅಡಿ ಆಳದ ಹಳ್ಳ.

ಗಾಡಿಯನ್ನು ಮನೆಗೆ ತಂದ ಮೇಲೆ ಊರಿನ ಮೆಕ್ಯಾನಿಕ್ ಹಿಂದಿನ ಚಕ್ರದ ಬಳಿ ಕುಳಿತು ಒಂದು ಸಣ್ಣ ಬಾಣದ ಗುರುತನ್ನು ತೋರಿಸಿದರು. ಬ್ರೇಕು ಪೂರ್ತಿ ಒತ್ತಿದಾಗ ಆ ಬಾಣ ಡ್ರಮ್ಮಿನ ಮೇಲಿನ ಗೆರೆಯನ್ನು ದಾಟಿದರೆ ಒಳಗಿನ ಲೈನರ್ ಮುಗಿದಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಅದು ಗೆರೆಯನ್ನು ದಾಟಿ ಎಷ್ಟೋ ಕಾಲವಾಗಿತ್ತು. ನೋಡಲು ಬೇಕಾದದ್ದು ಅರ್ಧ ನಿಮಿಷ.

ಎರಡನೆಯ ಅನಾಹುತಕ್ಕೆ ನಾನೇ ಕಾರಣ. ಅದೇ ದಿನ ಗಾಡಿಯ ಎಂಜಿನ್ ಆಯಿಲ್ ಬದಲಾಯಿಸಿ, ಹಳೆಯ ಕರಿ ಆಯಿಲನ್ನು ಕೊಟ್ಟಿಗೆಯ ಹಿಂದಿನ ಕಾಲುವೆಗೆ ಸುರಿದೆ. ಎಲ್ಲರೂ ಹಾಗೆಯೇ ಮಾಡುವುದನ್ನು ಕಂಡಿದ್ದೆ. ಎರಡು ದಿನಗಳ ಬಳಿಕ ಕೆಳಗಿನ ಮನೆಯ ಅಮ್ಮ ಬಂದು ಜಗಲಿಯ ಮೇಲೆ ಕುಳಿತು, “ಹುಡುಗನ ಕೈ ಹೇಗಿದೆ?” ಎಂದು ವಿಚಾರಿಸಿದರು. ಏಳುವಾಗ ಮೆಲ್ಲಗೆ, “ನಮ್ಮನೆ ಅಬ್ಬಿ ನೀರಲ್ಲಿ ಎಣ್ಣೆ ತೇಲ್ತಿದೆ ಮಾರಾಯ್ರೆ, ದನವೂ ಮೂಸಿ ಬಿಡ್ತು” ಎಂದರು. ಇಪ್ಪತ್ತು ವರ್ಷಗಳಿಂದ ನೀರಿನ ಬಗ್ಗೆ ಭಾಷಣ ಮಾಡುತ್ತ ಬಂದವನು ನಾನು. ತಲೆ ಎತ್ತಲಾಗಲಿಲ್ಲ.

ಪರೀಕ್ಷಿಸದೆ ಕೊಂಡ ಗಾಡಿ ಸವಾರನ ಜೀವಕ್ಕೆ ಎರವಾಗುತ್ತದೆ. ವಿವೇಚನೆಯಿಲ್ಲದೆ ನಿರ್ವಹಿಸಿದ ಗಾಡಿ ನೆರೆಯವರ ನೀರಿಗೆ ಎರವಾಗುತ್ತದೆ. ಎರಡಕ್ಕೂ ಮೂಲ ಒಂದೇ: ಯಂತ್ರವೆಂದರೆ ಓಡಿಸುವುದಷ್ಟೇ, ನೋಡಿಕೊಳ್ಳುವುದು ಬೇರೆ ಯಾರದೋ ಕೆಲಸವೆಂಬ ಭಾವನೆ.

ಹಳೆಯದು ತಪ್ಪಲ್ಲ

ಹಾಗೆಂದ ಮಾತ್ರಕ್ಕೆ ಹಳೆಯ ಬೈಕು ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಹೊಸ ಬೈಕಿನ ಹಿಂದೆ ಎಲ್ಲೋ ಒಂದು ಬೆಟ್ಟದ ಅದಿರಿದೆ. ಕುದುರೆಮುಖದ ಗಣಿಗಾರಿಕೆ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಲ್ಲುವವರೆಗೆ ಆ ಬೆಟ್ಟಗಳ ಪಾಡೇನಾಯಿತು, ಭದ್ರೆಗೆ ಎಷ್ಟು ಹೂಳು ಹರಿಯಿತು ಎಂಬುದನ್ನು ಕಂಡವರು ನಾವು. ಇರುವ ಯಂತ್ರವನ್ನು ಇನ್ನೂ ಹತ್ತು ವರ್ಷ ಚೆನ್ನಾಗಿ ಬಾಳಿಸಿದರೆ ಅಷ್ಟು ಅದಿರು ನೆಲದಲ್ಲೇ ಉಳಿಯುತ್ತದೆ.

ಹೀಗೆ ಬಾಳಿಸಿದ ಪರಂಪರೆ ನಮ್ಮ ನಾಡಿನಲ್ಲಿಯೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯ ಮೇಲೆ ಕಾಣಿಸುತ್ತವೆ. ಕಾರ್ಖಾನೆ ಸತ್ತರೂ ಗಾಡಿ ಬದುಕಿದ್ದು ಜಾಹೀರಾತಿನಿಂದಲ್ಲ, ಮೆಕ್ಯಾನಿಕರ ಕೈಗುಣದಿಂದ ಮತ್ತು ಮಾಲೀಕರ ಆರೈಕೆಯಿಂದ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಳೆಯದೆಲ್ಲವೂ ಸಮಾನವಲ್ಲ. ಆ ಯೆಜ್ಡಿಯಾಗಲಿ, ವಿದ್ಯಾರ್ಥಿಗಳು ಇಂದಿಗೂ ಹುಚ್ಚಿಗೆ ಬಿದ್ದು ದುಬಾರಿ ಬೆಲೆ ಕೊಡುವ ಯಮಹಾ ಆರ್‌ಎಕ್ಸ್ 100 ಆಗಲಿ, ಘಟ್ಟದ ಮೀನು ವ್ಯಾಪಾರಿಗಳ ಅಚ್ಚುಮೆಚ್ಚಿನ ಬಜಾಜ್ ಎಂ 80 ಆಗಲಿ, ಹೆಚ್ಚಾಗಿ ಟೂ-ಸ್ಟ್ರೋಕ್ ಎಂಜಿನ್ನಿನ ಕಾಲದವು. ಆ ಎಂಜಿನ್ನಿನಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುತ್ತದೆ; ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಹೋಗುತ್ತದೆ. ಅದರ ಮೇಲೆ ಸೈಲೆನ್ಸರಿನ ಒಡಲನ್ನು ತೆಗೆದು ಗುಡ್ಡ ನಡುಗುವಂತೆ ಸದ್ದು ಮಾಡುವುದನ್ನು ಕಾನೂನೂ ಒಪ್ಪುವುದಿಲ್ಲ, ಕಾಡಿನ ಜೀವಿಗಳೂ ಒಪ್ಪುವುದಿಲ್ಲ. ನೆನಪಿಗಾಗಿ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ದಿನನಿತ್ಯದ ಓಡಾಟಕ್ಕೆ ಫೋರ್-ಸ್ಟ್ರೋಕ್ ಗಾಡಿಯೇ ಲೇಸು. ಅದರಲ್ಲೂ 2017ರ ಏಪ್ರಿಲ್‌ನಿಂದ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡಗಳು ಜಾರಿಗೆ ಬಂದಿರುವುದರಿಂದ, ಕೈಗೆಟಕುವಷ್ಟರಲ್ಲಿ ಇತ್ತೀಚಿನ ಗಾಡಿಯನ್ನು ಆರಿಸಿದರೆ ಹೊಗೆಯ ಪಾಪ ಕಡಿಮೆ.

ಕೊಳ್ಳುವ ಮುನ್ನ

ಮೊದಲು ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ನೋಂದಣಿಯ ಆಯುಷ್ಯ 15 ವರ್ಷ; ಆಮೇಲೆ ತಪಾಸಣೆಯಾಗಿ ಐದು ವರ್ಷಗಳಿಗೆ ನವೀಕರಣವಾಗಬೇಕು. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದ ನಮೂದು ಆಗಿದೆಯೇ, ವಿಮೆ ಜಾರಿಯಲ್ಲಿದೆಯೇ, ಹಳೆಯ ದಂಡ ಬಾಕಿಯಿದೆಯೇ ನೋಡಿ. ಹೆಸರು ವರ್ಗಾವಣೆಯನ್ನು “ಮುಂದೆ ನೋಡೋಣ” ಎಂದು ಬಿಡಬೇಡಿ. ಈ ಮಾತು ಮಾರುವವರಿಗೂ ಅನ್ವಯ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ, ದಾಖಲೆಯಲ್ಲಿ ಮಾಲೀಕನಾಗಿ ಉಳಿದವನೇ ಪರಿಹಾರದ ಹೊಣೆ ಹೊರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಗಾಡಿ ಮಾರಿ ಐದು ವರ್ಷವಾದ ಮೇಲೆ ನೋಟಿಸು ಬಂದರೆ ತೋಟ ಮಾರುವ ಪರಿಸ್ಥಿತಿ ಬಾರದಿರಲಿ.

ಗಾಡಿಯನ್ನು ಹಗಲಿನಲ್ಲಿ, ಮಳೆಯಿಲ್ಲದಾಗ, ಎಂಜಿನ್ ತಣ್ಣಗಿರುವಾಗ ನೋಡಬೇಕು. “ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ” ಎಂದು ಮೊದಲೇ ಹೇಳಿ, ಹೋದೊಡನೆ ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಿರುವಾಗ ಸುಲಭಕ್ಕೆ ಹೊತ್ತಿಕೊಳ್ಳದ ದೋಷವನ್ನು ಮುಚ್ಚಿಟ್ಟಿರಬಹುದು. ಸ್ಟಾರ್ಟ್ ಆದ ಮೇಲೆ ಸೈಲೆನ್ಸರಿನ ಕಡೆ ಗಮನವಿರಲಿ. ನಮ್ಮ ಚಳಿಯ ಬೆಳಗಿನಲ್ಲಿ ತುಸು ಬಿಳಿಯ ಆವಿ ಸಹಜ. ಫೋರ್-ಸ್ಟ್ರೋಕ್ ಗಾಡಿಯಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದರ್ಥ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಸುರಿಯುತ್ತಿದೆ.

ಓಡಿದ ಕಿಲೋಮೀಟರಿನ ಮೀಟರನ್ನು ನಂಬಬೇಡಿ, ಅದನ್ನು ತಿರುಗಿಸಬಹುದು. ಕಾಲಿಡುವ ರಬ್ಬರು, ಹ್ಯಾಂಡಲ್ ಹಿಡಿ, ಬ್ರೇಕ್ ಪೆಡಲು ಎಷ್ಟು ಸವೆದಿವೆ ನೋಡಿದರೆ ನಿಜ ತಿಳಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹೂವು ಎಷ್ಟೇ ಉಳಿದಿದ್ದರೂ ಬಿರುಕು ಬಿಟ್ಟ ಹಳೆಯ ರಬ್ಬರು ಒದ್ದೆ ಡಾಂಬರಿನಲ್ಲಿ ಜಾರುತ್ತದೆ. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲು ಅರ್ಧದಷ್ಟು ಕಾಣುವಂತೆ ಎದ್ದರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಾಯಿಸಬೇಕು. ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಭಾರ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ನಿಧಾನವಾಗಿ ಎಡಬಲಕ್ಕೆ ತಿರುಗಿಸಿ. ನಡುವೆ ಎಲ್ಲಾದರೂ ತಡೆದು ನಿಂತಂತಾದರೆ ಬೇರಿಂಗ್ ಹೋಗಿದೆ. ಚಕ್ರವನ್ನು ಅಡ್ಡಕ್ಕೆ ಅಲುಗಿಸಿದಾಗ ಸಡಿಲವೆನಿಸಿದರೆ ಅಲ್ಲಿನ ಬೇರಿಂಗೂ ಹೋಗಿದೆ. ಮುಂದಿನ ಫೋರ್ಕಿನ ಕೊಳವೆಯಲ್ಲಿ ಎಣ್ಣೆಯ ಪಸೆ ಕಂಡರೆ ಸೀಲು ಒಡೆದಿದೆ. ಹೆಡ್‌ಲೈಟಿನ ಒಳಗೆ, ಸೀಟಿನ ಅಡಿಯಲ್ಲಿ ಕೆಸರಿನ ಗೆರೆಯಿದ್ದರೆ, ಎಂಜಿನ್ ಆಯಿಲು ಹಾಲು ಬೆರೆತಂತೆ ಬೆಳ್ಳಗಿದ್ದರೆ, ಅದು ನೆರೆಯಲ್ಲಿ ಮುಳುಗಿದ್ದ ಗಾಡಿಯಾಗಿರಬಹುದು. 2018 ಮತ್ತು 2019ರ ಪ್ರವಾಹಗಳನ್ನು ಕಂಡ ನಾವು ಇದನ್ನು ಮರೆಯಬಾರದು.

ಇಷ್ಟೆಲ್ಲ ಹೊಸಬರಿಗೆ ತಿಳಿಯುವುದು ಹೇಗೆ? ಪರಿಚಯದ ಮೆಕ್ಯಾನಿಕನ್ನು ಜೊತೆಗೆ ಕರೆದೊಯ್ದು ಅವರ ಅರ್ಧ ದಿನದ ಕೂಲಿ ಕೊಡಿ. ಸಾವಿರಾರು ರೂಪಾಯಿ ಕೊಟ್ಟು ಹೋರಿ ಕೊಳ್ಳುವಾಗ ಹಲ್ಲು, ಸುಳಿ ನೋಡಬಲ್ಲ ಹಿರಿಯರನ್ನು ಕರೆದೊಯ್ಯುತ್ತಿದ್ದೆವಲ್ಲ, ಹಾಗೆ.

ಇಟ್ಟುಕೊಳ್ಳುವ ಬಗೆ

ಕೊಂಡ ಮೊದಲ ದಿನವೇ ಎಂಜಿನ್ ಆಯಿಲ್ ಬದಲಾಯಿಸಿ. ಹಿಂದಿನವರು ಯಾವಾಗ ಹಾಕಿದ್ದರೆಂಬ ಮಾತಿಗೆ ದಾಖಲೆಯಿಲ್ಲ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಬೇಸಿಗೆಯ ಮಣ್ಣು ರಸ್ತೆಯ ಧೂಳು ಅದನ್ನು ಕಟ್ಟಿದರೆ ಗಾಳಿ ಸಾಲದೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಹೊಗೆಯೂ ಹೆಚ್ಚುತ್ತದೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ಓಡಿಸುವ ಮೊದಲೇ ನೋಡಿ. ಮಳೆಗಾಲದಲ್ಲಿ ಚೈನನ್ನು ವಾರಕ್ಕೊಮ್ಮೆಯಾದರೂ ಒರೆಸಿ, ಒಣಗಿಸಿ, ಗೇರ್ ಆಯಿಲ್ ಸವರಬೇಕು. ಚೈನು ಒಂದು ಇಂಚಿನಷ್ಟು ಮೇಲೆ ಕೆಳಗೆ ಆಡುವಂತಿರಲಿ. ತೀರ ಬಿಗಿಯಾದರೂ ತೀರ ಸಡಿಲವಾದರೂ ಕೇಡೇ.

ಹಳೆಯ ಗಾಡಿಯವರು ಈಗ ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 2023ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿದೆ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುವ ಗುಣವೂ ಇದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಅರ್ಧ ಖಾಲಿ ಟ್ಯಾಂಕನ್ನು ಹಾಗೆಯೇ ಬಿಡದಿರಲಿ. ಪೆಟ್ರೋಲು ಕೊಳವೆ ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಲಿ.

ಇನ್ನು ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ, ಎಂಜಿನ್ ಆರಿಸಿ ಪೆಟ್ರೋಲು ಉಳಿಸುವ ನಮ್ಮ ಹಳೆಯ ಚಾಳಿ. ಉಳಿಯುವುದು ಚಮಚದಷ್ಟು ಪೆಟ್ರೋಲು, ಪಣಕ್ಕಿಡುವುದು ಪ್ರಾಣವನ್ನು. ಗೇರಿನಲ್ಲಿರುವ ಎಂಜಿನ್ ತಾನೇ ಗಾಡಿಯನ್ನು ತಡೆಯುತ್ತದೆ. ಅದಿಲ್ಲದಾಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಡ್ರಮ್ಮು ಕಾದು, ಕೊನೆಯ ತಿರುವಿನಲ್ಲಿ ಬ್ರೇಕು ಹಿಡಿಯದೇ ಹೋಗಬಹುದು. ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಅಥವಾ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಅದಕ್ಕೂ ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆ ಕಾವಲಿಲ್ಲ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಲಘುವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಸಾಗಿ, ಒಳಗಿನ ನೀರು ಆರಿದ ಮೇಲೆ ವೇಗ ಹೆಚ್ಚಿಸಿ.

ಹದಿನೆಂಟು ತುಂಬದ ಮಕ್ಕಳ ಕೈಗೆ ಗೇರು ಗಾಡಿಯ ಕೀಲಿ ಕೊಡುವ ತಂದೆತಾಯಿಗಳಿಗೂ ಒಂದು ಮಾತು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಕಾನೂನಿಗಿಂತ ದೊಡ್ಡದು ಮಗುವಿನ ಜೀವ. ಐಎಸ್‌ಐ ಗುರುತಿನ ಹೆಲ್ಮೆಟ್ಟು ಸವಾರನಿಗೂ ಹಿಂದೆ ಕೂತವರಿಗೂ ಇರಲಿ. ಊರೊಳಗಿನ ರಸ್ತೆಯೂ ರಸ್ತೆಯೇ.

ಕರಿ ಆಯಿಲಿನ ಲೆಕ್ಕ

ಕೊನೆಯದಾಗಿ, ನನ್ನನ್ನು ತಲೆತಗ್ಗಿಸುವಂತೆ ಮಾಡಿದ ಆ ಒಂದು ಲೀಟರ್ ಎಣ್ಣೆಯ ವಿಚಾರ. ನೂರು ಬೈಕುಗಳಿರುವ ಊರೊಂದನ್ನು ಊಹಿಸಿಕೊಳ್ಳಿ. ಒಂದೊಂದು ಗಾಡಿಗೆ ಸುಮಾರು ಒಂದು ಲೀಟರ್, ವರ್ಷಕ್ಕೆ ನಾಲ್ಕು ಬಾರಿ ಬದಲಾವಣೆಯೆಂದರೆ 400 ಲೀಟರ್. ದೊಡ್ಡ ಎರಡು ಬ್ಯಾರೆಲ್ಲುಗಳಷ್ಟು ಕರಿ ಎಣ್ಣೆ. ಎಂಜಿನ್ನಿನೊಳಗೆ ಸವೆದ ಲೋಹದ ಕಣಗಳು, ಉರಿದ ಇಂಧನದ ಮಸಿ ಎಲ್ಲವೂ ಅದರಲ್ಲಿರುತ್ತವೆ. ಅದು ನೀರಿನ ಮೇಲೆ ತೆಳ್ಳನೆಯ ಪೊರೆಯಾಗಿ ಹರಡಿ ಗಾಳಿ ಒಳಹೋಗದಂತೆ ಮಾಡುತ್ತದೆ. ಮೀನಿನ ಮರಿ, ಕಪ್ಪೆಯ ಮೊಟ್ಟೆ, ನೀರಿನ ಮೇಲೆ ಓಡಾಡುವ ಹುಳುಗಳಿಗೆ ಅದು ಉಸಿರುಗಟ್ಟಿಸುವ ಹೊದಿಕೆ. ದೇಶದ ಕಾನೂನು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿದೆ. ಅದೇ ಎಣ್ಣೆಯನ್ನು ನಾವು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುತ್ತೇವೆ, ಉಳಿದದ್ದನ್ನು ಕಾಲುವೆಗೆ ಚೆಲ್ಲುತ್ತೇವೆ. ಭಾನುವಾರ ಗಾಡಿಯನ್ನು ಹಳ್ಳದ ನಡುವೆಯೇ ನಿಲ್ಲಿಸಿ, ಸೀಮೆಎಣ್ಣೆ ಹಾಕಿ ಚೈನು ತೊಳೆಯುತ್ತೇವೆ. ಪೇಟೆಯಲ್ಲಾದರೆ ಕೊಳಕು ಚರಂಡಿಗೆ ಹೋಗುತ್ತದೆ. ಇಲ್ಲಿ ಅದು ನೇರವಾಗಿ ಕೆಳಗಿನ ಮನೆಯ ಅಡಿಗೆ ಕೋಣೆಗೆ ಹೋಗುತ್ತದೆ. ಘಟ್ಟದಲ್ಲಿ ಪ್ರತಿಯೊಬ್ಬರೂ ಯಾರದೋ ನೀರಿನ ಮೇಲ್ಭಾಗದಲ್ಲಿಯೇ ವಾಸಿಸುತ್ತಿದ್ದಾರೆ.

ಆದ್ದರಿಂದ ನಮ್ಮ ಬಳಗದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು, ಪ್ರತಿ ಊರಿನ ಸೊಸೈಟಿಯ ಬಳಿಯೋ ಗ್ಯಾರೇಜಿನ ಬಳಿಯೋ ಮಳೆ ತಾಗದ ಜಾಗದಲ್ಲಿ ಮುಚ್ಚಳವಿರುವ ಬ್ಯಾರೆಲ್ಲೊಂದನ್ನು ಇಡೋಣ. ಮನೆಯಲ್ಲಿ ಬದಲಾಯಿಸಿದ ಎಣ್ಣೆ ಹಳೆಯ ಡಬ್ಬಿಯಲ್ಲಿಯೇ ಅಲ್ಲಿಗೆ ಬರಲಿ. ಕಳೆ ಕೊಚ್ಚುವ ಯಂತ್ರ, ಪಂಪುಸೆಟ್ಟುಗಳ ಎಣ್ಣೆಯೂ ಬರಲಿ. ತುಂಬಿದಾಗ ಅಧಿಕೃತ ಮರುಬಳಕೆದಾರರಿಗೆ ಮಾತ್ರ ಒಪ್ಪಿಸೋಣ. ಎರಡು, ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಕಾಲೇಜಿನ ವಿದ್ಯಾರ್ಥಿಗಳನ್ನು ಸೇರಿಸಿ ಒಂದು ದಿನದ ಬೈಕು ತಪಾಸಣೆ ನಡೆಸೋಣ. ಊರಿನ ಮೆಕ್ಯಾನಿಕರೇ ಅಂದು ಗುರುಗಳು. ಅವರಿಗೆ ಗೌರವಧನ ಸಲ್ಲಲಿ. ಹುಡುಗಿಯರೂ ಸ್ಪ್ಯಾನರ್ ಹಿಡಿಯಲಿ. ಮೂರು, ಹಳ್ಳ, ಕೆರೆಗಳಲ್ಲಿ ಗಾಡಿ ತೊಳೆಯುವುದನ್ನು ನಮ್ಮ ನಮ್ಮ ಮನೆಯಿಂದಲೇ ನಿಲ್ಲಿಸೋಣ. ಅಂಗಳದಲ್ಲಿ ಎರಡು ಬಕೆಟ್ ನೀರು, ಒಂದು ಹಳೆಯ ಬಟ್ಟೆ ಸಾಕು.

ಇದರಿಂದ ಪಶ್ಚಿಮ ಘಟ್ಟ ಉಳಿದುಬಿಡುತ್ತದೆಂದು ನಾನು ಹೇಳುವುದಿಲ್ಲ. ದೊಡ್ಡ ಯೋಜನೆಗಳ ವಿರುದ್ಧದ ಹೋರಾಟಕ್ಕೆ ಇದು ಬದಲಿಯೂ ಅಲ್ಲ. ಆದರೆ ಸ್ವಂತ ಕಾಲುವೆಗೆ ಎಣ್ಣೆ ಸುರಿಯುವ ಕೈ ನದಿಯ ಪರವಾಗಿ ಮನವಿಗೆ ಸಹಿ ಹಾಕಿದರೆ ಆ ಸಹಿಗೆ ತೂಕ ಕಡಿಮೆ. ಸೋದರಳಿಯನ ಕೈ ಈಗ ಕೂಡಿದೆ. ಹೊರಡುವ ಮುನ್ನ ಅವನು ಬಗ್ಗಿ ಬ್ರೇಕಿನ ಬಾಣ ನೋಡುವುದನ್ನು ರೂಢಿಸಿಕೊಂಡಿದ್ದಾನೆ. ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕರಿ ಆಯಿಲಿನ ಡಬ್ಬಿಗಳು ಸಾಲಾಗಿ ಕುಳಿತು ಬ್ಯಾರೆಲ್ಲಿಗಾಗಿ ಕಾಯುತ್ತಿವೆ. ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನನ್ನ ವಿನಂತಿ.